ಟಿವಿ ಊರಿನದು, ಓಟು ಇಲ್ಲಿಯದು



ಕೂಕಟ್‌ಪಲ್ಲಿಯಲ್ಲಿ ಕೂತು ಊರಿನ ಚುನಾವಣಾ ಫಲಿತಾಂಶ ನೋಡುವುದು ನಮಗೆಲ್ಲ ಹಬ್ಬವೇ. ಹಿರಿಯರನ್ನು ಕೇಳಿ ನೋಡಿ: ಮತಪತ್ರ ಎಣಿಸುತ್ತಿದ್ದ ಕಾಲದಲ್ಲಿ ಎಣಿಕೆ ದಿನಗಟ್ಟಲೆ ಸಾಗುತ್ತಿತ್ತು, ದೂರದರ್ಶನದಲ್ಲಿ ಫಲಿತಾಂಶದ ನಡುನಡುವೆ ಹಿಂದಿ ಸಿನಿಮಾ ಬರುತ್ತಿತ್ತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿಯವರಿಗೆ ಸುಷ್ಮಾ ಸ್ವರಾಜ್ ಎದುರಾದಾಗ ದೇಶದ ಚಾನೆಲ್‌ಗಳೆಲ್ಲ ಅಲ್ಲಿಗೇ ಓಡಿದವು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋತರು. ಗೆದ್ದ ಸೋನಿಯಾ ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಿಗೂ ಮತಯಂತ್ರ ಬಂತು. ದಿನಗಟ್ಟಲೆಯ ಕಾಯುವಿಕೆ ಕೆಲವೇ ಗಂಟೆಗಳಿಗೆ ಇಳಿಯಿತು.

ಈಗ ನನ್ನ ಕಥೆ. 2023ರ ಮೇ 13ರಂದು ಕರ್ನಾಟಕದ ಫಲಿತಾಂಶ. ಬೆಳಗಿನಿಂದ ಟಿವಿ ಮುಂದಿನಿಂದ ಏಳಲಿಲ್ಲ. ಅದೇ ವರ್ಷ ನವೆಂಬರ್ 30ರಂದು ಇಲ್ಲಿ ತೆಲಂಗಾಣದ ಮತದಾನ. ಪಕ್ಕದ ಮನೆಯವರು ಬೆರಳಿನ ಶಾಯಿ ತೋರಿಸಿದರು. ನನ್ನ ಬೆರಳು ಖಾಲಿ. ಹೆಸರು ಸೇರಿಸಲು ನಾನು ಅರ್ಜಿಯನ್ನೇ ಹಾಕಿರಲಿಲ್ಲ!

ನಲ್ಲಿ ನೀರು, ರಸ್ತೆ, ಮಕ್ಕಳ ಶಾಲೆ ಎಲ್ಲವೂ ಇಲ್ಲಿಯವೇ ಅಲ್ಲವೇ? ಮೊದಲ ಸಲ ಸೇರುವವರಿಗೆ ನಮೂನೆ 6, ವಿಳಾಸ ಬದಲಿಸಿದವರಿಗೆ ನಮೂನೆ 8. ಊರಿನ ಫಲಿತಾಂಶ ಖಂಡಿತ ನೋಡೋಣ. ಅದಕ್ಕೆ ಮೊದಲು ಇಲ್ಲಿಯ ಪಟ್ಟಿಯಲ್ಲಿ ನಮ್ಮ ಹೆಸರು ನೋಡಿಕೊಳ್ಳೋಣ.