ಒಂದು ಹಿಡಿ ಉಣ್ಣೆ, ಒಂದು ಮೊಳ ನೂಲು



ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ‘ನೂಲುವುದು’ ಎಂಬ ಮಾತನ್ನು ಹೇಗೆ ಕಲಿಸುತ್ತೀರಿ? ಚಿತ್ರ ಸಾಲದು. ಭಾನುವಾರದ ಕನ್ನಡ ತರಗತಿಗೆ ತೊಳೆದು ಒಣಗಿಸಿದ ಕುರಿ ಉಣ್ಣೆ ಒಂದು ಹಿಡಿ ತನ್ನಿ.

ಮೊದಲು ಮಕ್ಕಳು ಅದನ್ನು ಬೆರಳಿನಿಂದ ಹಿಂಜಲಿ. ಕಸ ಉದುರಿ, ಎಳೆಗಳು ಸಡಿಲಾಗುತ್ತವೆ. ಆಗ ಜಗ್ಗಿದರೆ ಸಲೀಸಾಗಿ ಬಿಟ್ಟು ಬರುತ್ತವೆ. ಇನ್ನು ತುಸುತುಸುವೇ ಎಳೆಯುತ್ತ ಒಂದೇ ದಿಕ್ಕಿಗೆ ಹೊಸೆಯಲಿ. ಈಗ ಜಗ್ಗಿದರೂ ಬಿಡದು! ಗುಟ್ಟು ಇರುವುದು ಹುರಿಯಲ್ಲಿ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿವೆ. ಹುರಿ ಬಿದ್ದಾಗ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಹುರಿ ಬಿಚ್ಚಿದರೆ ಮತ್ತೆ ಬಿಡಿ ಬಿಡಿ. ಬೆರಳಿನ ಈ ಕೆಲಸವನ್ನೇ ಕದಿರು ಬೇಗ ಮಾಡುತ್ತದೆ, ರಾಟೆ ಇನ್ನೂ ಬೇಗ.

ನಮ್ಮ ಚಳ್ಳಕೆರೆ ಕಡೆಯ ಕಂಬಳಿಯ ಮೊದಲ ಹೆಜ್ಜೆಯೂ ಇದೇ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಪುಣೆಯ ಮಿತ್ರರೇ, ನಿಮ್ಮ ಸುತ್ತಿನ ಧನಗರರು ಮೇಯಿಸುವುದೂ ಇದೇ ತಳಿಯನ್ನು.

ಆದರೆ ಇಂದು ಒರಟು ಉಣ್ಣೆಗೆ ಗಿರಾಕಿ ಕಡಿಮೆ. ಕತ್ತರಿಸಿದ ಕೂಲಿಯೂ ಹುಟ್ಟದೆ ಎಷ್ಟೋ ಕಡೆ ಅದನ್ನು ಎಸೆಯುತ್ತಾರೆ. ಕಸುಬು ಹೋದರೆ ಹಿಂಜು, ಹೊಸೆ, ಕದಿರು ಎಂಬ ಮಾತುಗಳೂ ಅದರ ಹಿಂದೆಯೇ ಹೋಗುತ್ತವೆ.

‘ಎಳೆ ಎಳೆಯಾಗಿ ಬಿಡಿಸಿ ಹೇಳು’ ಎನ್ನುತ್ತೇವಲ್ಲ? ಎಳೆಯನ್ನು ಕೈಯಾರೆ ಬಿಡಿಸಿದ ಮಗುವಿಗೆ ಆ ಮಾತಿನ ಅರ್ಥ ಹೇಳಬೇಕಾಗುವುದಿಲ್ಲ. ಮಾಡಿ ನೋಡಿ.