ಅಂಗಳಕ್ಕೆ ಯಾವ ಹುಲ್ಲು?



ಈಗ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿಯೂ ಸ್ಲ್ಯಾಬಿನ ಮನೆಗಳು ಎದ್ದಿವೆ. ಕೆಲವರು ಮನೆಯ ಮುಂದೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಸಾಂಗ್ಲಿ, ವಿಜಾಪುರಕ್ಕೆ ಹೋಗಿ ಬಂದವರಿಗೆ ಅಲ್ಲಿಯ ಹಸಿರು ಲಾನ್ ನೋಡಿ, ನಮ್ಮ ಬಾಗಿಲ ಮುಂದೂ ಹಿಂಗ ಇರಬೇಕು ಅನಿಸುತ್ತದೆ. ಆಸೆ ತಪ್ಪಲ್ಲ. ಹುಲ್ಲು ಇದ್ದರೆ ಧೂಳು ಏಳುವುದಿಲ್ಲ, ಮಳೆಗೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ಆದರೆ ಹುಲ್ಲು ತರುವ ಮೊದಲು ಒಂದು ಲೆಕ್ಕ ಹಾಕ್ರಿ.

10 ಫೂಟು ಉದ್ದ, 10 ಫೂಟು ಅಗಲದ ಜಾಗ ಹಿಡಿಯೋಣ. ಸಣ್ಣದೇ ಅದು. ಬ್ಯಾಸಗಿಯಲ್ಲಿ ಆ ಹುಲ್ಲು ಹಸಿರಾಗಿ ಇರಬೇಕಾದರೆ ದಿನಕ್ಕೆ ಸುಮಾರು 45 ಲೀಟರ್ ನೀರು ಬೇಕು. 15 ಲೀಟರಿನ ಕೊಡವಾದರೆ 3 ಕೊಡ. ತಿಂಗಳಿಗೆ 90 ಕೊಡ! ನಮ್ಮದು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಬ್ಯಾಸಗಿ ಬಂತೆಂದರೆ ಟ್ಯಾಂಕರಿನ ದಾರಿ ಕಾಯುವ ಊರುಗಳು ಇಲ್ಲಿವೆ. ಆ 90 ಕೊಡ ಯಾರ ತಲೆಯ ಮೇಲೆ ಬರುತ್ತವೆ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ.

ನರ್ಸರಿಯವರು ಮೆಕ್ಸಿಕನ್ ಹುಲ್ಲು, ಕೊರಿಯನ್ ಹುಲ್ಲು ಎಂದು ಮಾರುತ್ತಾರೆ. ನೋಡಲು ಚಂದ. ಆದರೆ ನಿಧಾನ ಹಬ್ಬುತ್ತವೆ, ರೊಕ್ಕವೂ ಹೆಚ್ಚು, ಹಸಿರು ಉಳಿಯಬೇಕಾದರೆ ತಪ್ಪದೆ ನೀರು ಹಾಕಬೇಕು.

ಹಾಗಾದರೆ ಯಾವುದು? ನಿಮ್ಮ ಹೊಲದಾಗ ಐತಿ. ಕರಿಕಿ. ಮರಾಠಿಯವರು ಹರಳಿ ಅಂತಾರೆ, ಪುಸ್ತಕದಲ್ಲಿ ಗರಿಕೆ ಎಂದು ಬರೆಯುತ್ತಾರೆ. ಗಣಪ್ಪಗ ಏರಿಸುವುದು ಇದನ್ನೇ. ‘ಆರಿಸಿ ಆರಿಸಿ ಸಾಕಾಗೇತಿ, ಅದನ್ನ ಮನೀಗೆ ತರೋದಾ?’ ಎಂದು ನೀವು ನಗಬಹುದು. ಹೊಲದಲ್ಲಿ ಅದು ಬೇಡವಾಗಲು ಯಾವ ಗುಣ ಕಾರಣವೋ, ಅಂಗಳದಲ್ಲಿ ಅದೇ ಗುಣ ಬೇಕು. ಬಳ್ಳಿ ನೆಲದ ಮೇಲೂ ಹರಿಯುತ್ತದೆ, ನೆಲದ ಒಳಗೂ ಹರಿಯುತ್ತದೆ. ಗಣಿಕೆ ಗಣಿಕೆಗೆ ಬೇರು ಬಿಡುತ್ತದೆ. ನೀರು ತಪ್ಪಿದರೆ ಮೇಲಿನ ಎಲೆ ಒಣಗಿ ಬಿಳುಚುತ್ತದೆ, ಒಳಗಿನ ಗಡ್ಡೆ ಜೀವ ಹಿಡಿದಿರುತ್ತದೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಎಪ್ರಿಲ್-ಮೇ ತಿಂಗಳಲ್ಲಿ ಅಂಗಳ ಕಂದಾಗಿ ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ನನಗಂತೂ ಅದು ದೊಡ್ಡ ಕುಂದು ಅನಿಸುವುದಿಲ್ಲ.

ಹಚ್ಚುವುದು ಹೀಗೆ. ಮಿರಗದ ಮಳೆ ಬಿದ್ದ ಮೇಲೆ ಕಲ್ಲು, ಕಸ ತೆಗೆದು ನೆಲ ಸಡಿಲ ಮಾಡ್ರಿ. ಒಂದೆರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಬೆರೆಸ್ರಿ. ಹೊಲದಲ್ಲಿ ಕಿತ್ತ ಕರಿಕಿಯನ್ನು ಎರಡು-ಮೂರು ಗಣಿಕೆ ಇರುವಂತೆ ತುಂಡು ಮಾಡಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಊರಿ ತುಳಿಯಿರಿ. ಬೇರು ಹಿಡಿಯುವವರೆಗೆ ನೆಲ ಹಸಿ ಇರಬೇಕು. ಆಡು-ಕುರಿ ಬಾಯಿ ಹಾಕದಂತೆ ಸುತ್ತಲೂ ಜಾಲಿಮುಳ್ಳು ಇಡ್ರಿ. ಬಿಸಿಲು ಬೀಳುವ ಜಾಗವೇ ಆಗಬೇಕು. ಬೇವಿನ ದಟ್ಟ ನೆರಳಲ್ಲಿ ಕರಿಕಿ ಏಳುವುದಿಲ್ಲ, ಅಲ್ಲಿ ಹುಲ್ಲಿನ ಆಸೆ ಬಿಟ್ಟು ಕಟ್ಟೆ ಕಟ್ಟಿಕೊಂಡು ಕೂಡ್ರಿ.

ಮುಂದೆ ಜಳಕದ ನೀರು ಹರಿಸಿದರೂ ನಡೆಯುತ್ತದೆ. ಬಟ್ಟೆ ಒಗೆದ ಪಾವುಡರಿನ ನೀರನ್ನು ಮಾತ್ರ ದಿನಾ ಹಾಕಬ್ಯಾಡ್ರಿ, ನೆಲ ಸವಳಾಗುತ್ತದೆ. ಹುಲ್ಲು ಉದ್ದ ಬೆಳೆದರೆ ಹಾವು-ಚೇಳಿನ ಅಂಜಿಕೆ. ಕುಡಗೋಲಿನಿಂದ ಕೊಯ್ದು ಎಮ್ಮೆಗೆ ಹಾಕ್ರಿ, ಆದರೆ ನೆಲಕ್ಕೆ ಹತ್ತಿಸಿ ಬೋಳಿಸಬ್ಯಾಡ್ರಿ, ಎರಡು ಬೆರಳಷ್ಟು ಉಳಿಸ್ರಿ.

ಇನ್ನೊಂದು ಎಚ್ಚರ. ಅಂಗಳದ ಪಕ್ಕದಲ್ಲೇ ಹೊಲ ಇದ್ದವರು ನಡುವೆ ಒಂದು ಫೂಟು ಆಳದ ಕಾಲುವೆ ತೆಗೆದು, ಅದನ್ನು ದಾಟಿ ಬರುವ ಬಳ್ಳಿಯನ್ನು ಆಗಾಗ ಕತ್ತರಿಸಬೇಕು. ಕತ್ತರಿಸಿದ ಬಳ್ಳಿ, ಗಡ್ಡೆಗಳನ್ನು ಹಸಿಯಾಗಿ ತಿಪ್ಪೆಗೆ ಒಗೆಯಬ್ಯಾಡ್ರಿ. ಗೊಬ್ಬರದ ಜೊತೆ ಅದು ತಿರುಗಿ ಜೋಳದ ಹೊಲಕ್ಕೇ ಹೋಗುತ್ತದೆ. ಬಂಡೆಯ ಮೇಲೆ ಹರವಿ, ಕಡ್ಡಿ ಮುರಿದರೆ ಚಟ್ ಅನ್ನುವವರೆಗೆ ಬಿಸಿಲಿಗೆ ಒಣಗಿಸಿ ಆಮೇಲೆ ಹಾಕ್ರಿ.