ಉದ್ಯೋಗದಲ್ಲಿ ಆತ್ಮವಿಶ್ವಾಸ
(ಯುವಜನರಿಗಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಶಾಸ್ತ್ರವಿಚಾರವಾಗಿ ಮಾತನಾಡುವ ಅಧಿಕಾರ ಈ ವೇದಿಕೆಯಲ್ಲಿರುವ ವಿದ್ವಾಂಸರದು. ಡಿಪ್ಲೊಮಾ ಮುಗಿಸಿ, ರೈಲ್ವೆಯಲ್ಲಿ ಇಂಜಿನಿಯರನಾಗಿ ದುಡಿದು ನಿವೃತ್ತನಾದ ನನಗೆ ವಹಿಸಿರುವ ವಿಷಯ ಕೇವಲ ಲೌಕಿಕವಾದುದು. ಉದ್ಯೋಗಸ್ಥಳದಲ್ಲಿ ನಿಜವಾದ ಆತ್ಮವಿಶ್ವಾಸವನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ನಾಶಿಕದ ಸಾತಪುರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜ್ ಮೊದಲಾದ ಕೈಗಾರಿಕಾ ಪ್ರದೇಶಗಳಲ್ಲಿ ನಮ್ಮ ಮನೆಗಳ ಮಕ್ಕಳು ದುಡಿಯುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಮರಾಠಿ, ಅಧಿಕಾರಿಗಳ ಸಭೆಯಲ್ಲಿ ಇಂಗ್ಲಿಷ್. "ಉಳಿದವರೆಲ್ಲ ಬಲ್ಲವರು, ನನ್ನ ಅಜ್ಞಾನ ಇಂದಲ್ಲ ನಾಳೆ ಬಯಲಾಗುತ್ತದೆ" ಎಂಬ ಅಳುಕು ಅನೇಕರ ಮನಸ್ಸಿನಲ್ಲಿದೆ. ಪದವೀಧರರ ನಡುವೆ ಕುಳಿತು ಕೆಲಸ ಮಾಡಿದ ಡಿಪ್ಲೊಮಾದವನಾದ ನಾನೂ ಈ ಅಳುಕನ್ನು ಬಲ್ಲೆ. ಇದು ದಡ್ಡರಿಗೆ ಮಾತ್ರ ಬರುವುದೆಂದು ತಿಳಿಯಬಾರದು. 1978ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಈ ಭಾವನೆಯನ್ನು ಮೊದಲು ವಿವರಿಸಿದ್ದು ಉನ್ನತ ಸಾಧನೆ ಮಾಡಿದ ಮಹಿಳೆಯರನ್ನು ಕಂಡೇ ಆಗಿತ್ತು.

ಈ ಅಳುಕಿನಿಂದ ಪಾರಾಗಲು ಕೆಲವರು ಮೌನವಾಗುತ್ತಾರೆ. ಕೆಲವರು ದೊಡ್ಡ ದನಿಯಲ್ಲಿ ಮಾತನಾಡಿ ಅದನ್ನು ಮುಚ್ಚಿಕೊಳ್ಳುತ್ತಾರೆ. ಎರಡೂ ಅಪಾಯಕರ. ತಿಳಿಯದಿದ್ದರೂ ತಿಳಿದಂತೆ ತಲೆಯಾಡಿಸಿದವನಿಂದ ಯಂತ್ರದ ಬಳಿಯಾಗಲಿ, ರೈಲುಹಳಿಯ ಮೇಲಾಗಲಿ, ಮತ್ತೊಬ್ಬರ ಪ್ರಾಣಕ್ಕೆ ಸಂಚಕಾರ ಬರಬಹುದು.

ರೈಲ್ವೆಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಎಷ್ಟೇ ಅನುಭವಿಯಾದ ಚಾಲಕನಾದರೂ ತನಗೆ ಪರಿಚಯವಿಲ್ಲದ ಮಾರ್ಗದಲ್ಲಿ ಒಬ್ಬನೇ ಗಾಡಿ ನಡೆಸುವಂತಿಲ್ಲ. ಮೊದಲು ಆ ಮಾರ್ಗದಲ್ಲಿ ಹಗಲೂ ರಾತ್ರಿಯೂ ಸಂಚರಿಸಿ, ಸಿಗ್ನಲುಗಳು, ಏರಿಳಿತಗಳು, ತಿರುವುಗಳನ್ನು ಮನದಟ್ಟು ಮಾಡಿಕೊಂಡು, ಮಾರ್ಗ ತಿಳಿಯಿತೆಂದು ಸಹಿ ಹಾಕಬೇಕು. ಇದಕ್ಕೆ 'ರೋಡ್ ಲರ್ನಿಂಗ್' ಎನ್ನುತ್ತಾರೆ. ಬಹುಕಾಲ ಆ ಮಾರ್ಗಕ್ಕೆ ಹೋಗದಿದ್ದವನು ಪುನಃ ಕಲಿಯಬೇಕು. ಮೂವತ್ತು ವರ್ಷ ಸೇವೆ ಮಾಡಿದವನು ಹೀಗೆ ಕಲಿಯಲು ಕುಳಿತರೆ ಅವನನ್ನು ಅಸಮರ್ಥನೆಂದು ಯಾರೂ ಹೇಳುವುದಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಮಾರ್ಗದ ಪರಿಚಯ, ಮನುಷ್ಯನ ಯೋಗ್ಯತೆಯಲ್ಲ. ನಮ್ಮ ಯುವಕರು ಇದನ್ನು ಗಮನಿಸಬೇಕು. ಸಂದೇಹ ಬಂದಾಗ "ನಾನು ಯೋಗ್ಯನೇ?" ಎಂದು ಕೇಳಿಕೊಂಡರೆ ಅದಕ್ಕೆ ಉತ್ತರ ಸಿಗದು. "ಈ ಕೆಲಸದಲ್ಲಿ ನನಗೆ ತಿಳಿಯದ ಭಾಗ ಯಾವುದು?" ಎಂದು ಕೇಳಿಕೊಂಡರೆ ಸಂಜೆಯೊಳಗೆ ಉತ್ತರ ಹುಡುಕಬಹುದು.

ನಾಶಿಕದ ಕನ್ನಡಿಗರಿಗೆ ಹತ್ತಿರದ ಉದಾಹರಣೆ ಸರ್ ಎಂ. ವಿಶ್ವೇಶ್ವರಯ್ಯನವರದು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಓದುವಾಗ ಮನೆಪಾಠ ಹೇಳಿ ಜೀವನ ಸಾಗಿಸಿದ ಆ ಯುವಕ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ನೇಮಕಗೊಂಡು ಮೊದಲು ಬಂದದ್ದು ಇದೇ ನಾಶಿಕಕ್ಕೆ. ಬಳಿಕ ಖಾನದೇಶದಲ್ಲಿ, ಇಂದಿನ ಧುಳೆ ಪ್ರದೇಶದಲ್ಲಿ, ಪಾಂಝರಾ ನದಿಯ ಕಾಲುವೆಗೆ ಕೊಳವೆಯ ಸೈಫನ್ ನಿರ್ಮಿಸುವ ಹೊಣೆ ಬಂದಿತು. ಮಳೆಗಾಲದ ಪ್ರವಾಹದಿಂದ ಕೆಲಸ ಕಷ್ಟವಾದಾಗ, ಮಳೆ ಮುಗಿದ ಮೇಲೆ ಮುಂದುವರಿಸುವುದು ಒಳ್ಳೆಯದೆಂದು ಅವರು ಮೇಲಧಿಕಾರಿಗೆ ಬರೆದರು. ಮೇಲಧಿಕಾರಿಗೆ ಇದು ಹಿಡಿಸಲಿಲ್ಲ; ಹೊಸಬನ ವಿಷಯದಲ್ಲಿ ಅಸಮಾಧಾನವೇ ವ್ಯಕ್ತವಾಯಿತು. ವಿಶ್ವೇಶ್ವರಯ್ಯನವರು ಕುಗ್ಗಲಿಲ್ಲ, ವಾದಕ್ಕೂ ನಿಲ್ಲಲಿಲ್ಲ. ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು ಪೂರ್ಣಗೊಳಿಸಿದರು. ತೊಡಕನ್ನು ಮುಚ್ಚಿಡದೆ ತಿಳಿಸುವುದು, ನಿರ್ಧಾರವಾದ ಬಳಿಕ ಮನಸಾರೆ ದುಡಿಯುವುದು ಎಂಬ ಎರಡು ಗುಣಗಳೂ ಆ ಎಳೆಯ ವಯಸ್ಸಿನಲ್ಲೇ ಅವರಲ್ಲಿದ್ದವು. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, ಕನ್ನಂಬಾಡಿಯ ಕಟ್ಟೆ, ಇವೆಲ್ಲ ಅನಂತರದ ಮಾತು.

1977ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ ಇಂತಹ ವಿಶ್ವಾಸಕ್ಕೆ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಕೆಲಸ, ನಮ್ಮಂಥವರೇ ಮಾಡಿದ್ದನ್ನು ಕಂಡ ಅನುಭವ, ಇತರರ ಪ್ರೋತ್ಸಾಹದ ಮಾತು, ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಬಲಿಷ್ಠವಾದುದು. ಆದುದರಿಂದ ಹೊಗಳಿಕೆಗಾಗಿ ಕಾಯದೆ ಒಂದು ಸಣ್ಣ ಕೆಲಸವನ್ನು ಆದ್ಯಂತ ಕಲಿತು, ಅಳತೆ ಮಾಡಿ, ಸರಿಯಿದೆಯೆಂದು ನೀವೇ ಖಚಿತಪಡಿಸಿಕೊಳ್ಳಿ. ದಿನಕ್ಕೆ ಒಂದು ಪ್ರಶ್ನೆಯನ್ನು ಬಲ್ಲವರಲ್ಲಿ ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಗೆ ಆ ಪುಸ್ತಕವೇ ನಿಮ್ಮ ಯೋಗ್ಯತೆಗೆ ಸಾಕ್ಷಿಯಾಗುವುದು. ನಿದ್ದೆಗೆಟ್ಟ ರಾತ್ರಿಯಲ್ಲಿ ನಿಮ್ಮ ಬಗ್ಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ಸಹಾಯ ಕೇಳುವುದರಲ್ಲಿ ಅವಮಾನವಿಲ್ಲ. ಮುಂಬಯಿಯಿಂದ ನಾಶಿಕಕ್ಕೆ ಬರುವಾಗ ಕಸಾರಾ ಘಟ್ಟವನ್ನು ನೀವೆಲ್ಲ ಹತ್ತಿದ್ದೀರಿ. 1865ರಲ್ಲಿ ತೆರೆದ ಆ ಮಾರ್ಗದಲ್ಲಿ 37 ಅಡಿ ಸಾಗಿದರೆ ಒಂದು ಅಡಿ ಏರು. ಭಾರದ ಗಾಡಿಗಳಿಗೆ ಕಸಾರಾದಲ್ಲಿ ಹಿಂದಿನಿಂದ 'ಬ್ಯಾಂಕರ್' ಇಂಜಿನು ಜೋಡಿಸುತ್ತಾರೆ. ಇಗತಪುರಿಯಲ್ಲಿ ಘಟ್ಟ ಹತ್ತಿದ ಮೇಲೆ ಅದನ್ನು ಕಳಚುತ್ತಾರೆ. ಇದರಿಂದ ಮುಂದಿನ ಇಂಜಿನು ದುರ್ಬಲವೆಂದು ಅರ್ಥವಲ್ಲ. ಏರು ಬಂದಾಗ ಹಿರಿಯರ ನೆರವು ಪಡೆಯಿರಿ. ಮುಂದೆ ಕಿರಿಯರಿಗೆ ನೀವೇ ಬ್ಯಾಂಕರ್ ಆಗಿರಿ.

ತಾಯಿತಂದೆಯರಲ್ಲಿಯೂ ಒಂದು ವಿನಂತಿ. ಮಗ ಅಥವಾ ಮಗಳು ಕೆಲಸದಿಂದ ಬಂದಾಗ ನೆರೆಮನೆಯವರ ಸಂಬಳದೊಡನೆ ಹೋಲಿಸದೆ, "ಈ ದಿನ ಏನು ಕಲಿತೆ?" ಎಂದು ಕೇಳಿ.

ಆತ್ಮವಿಶ್ವಾಸ ಅಹಂಕಾರವಾದೀತೆಂಬ ಭಯ ನಮ್ಮಲ್ಲಿ ಸಹಜ. ತಾನು ಎಲ್ಲವನ್ನೂ ಬಲ್ಲೆನೆನ್ನುವುದು ಅಹಂಕಾರ. ತಿಳಿದಿರುವುದನ್ನು ಧೈರ್ಯದಿಂದ ಮಾಡಿ, ತಿಳಿಯದಿರುವುದನ್ನು ವಿನಯದಿಂದ ಕೇಳಿ, ಫಲವನ್ನು ಭಗವಂತನಿಗೆ ಒಪ್ಪಿಸುವವನಿಗೆ ಆ ಭಯ ಬೇಕಿಲ್ಲ.



ಶ್ರೀಕೃಷ್ಣಾರ್ಪಣಮಸ್ತು.